ಬೆಟ್ಟಕ್ಕೆ ಕತ್ತಿ ತಾಗಿಸದಿದ್ದರೆ ಸಾಕೇ?

ಶಿರಸಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ:

"ಬೆಂಗಳೂರು ಬಿಟ್ಟು ಊರಿಗೆ ಬಂದು ಆರು ವರ್ಷವಾಯಿತು. ಒಂದೂವರೆ ಎಕರೆ ಅಡಿಕೆ ತೋಟ, ಅದಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ ಇದೆ. ಬಂದ ದಿನವೇ ಬೆಟ್ಟಕ್ಕೆ ಇನ್ನು ಕತ್ತಿ ತಾಗಿಸುವುದಿಲ್ಲ ಅಂತ ತೀರ್ಮಾನ ಮಾಡಿದೆ. ಸೊಪ್ಪು ಕಡಿಸಲಿಲ್ಲ, ದರಕು (ಉದುರಿದ ಒಣ ಎಲೆ) ಗುಡಿಸಲಿಲ್ಲ, ಒಳಗೆ ಹೋಗಲೂ ಇಲ್ಲ. ಪ್ರಕೃತಿಯ ಜೊತೆ ಬಾಳುವುದು ಅಂದರೆ ಇದೇ ಅಂದುಕೊಂಡಿದ್ದೆ. ಈಗ ಬೆಟ್ಟದ ತುಂಬ ಯುಪಟೋರಿಯಂ ಕಳೆ. ಹೋದ ಮಾರ್ಚ್‌ನಲ್ಲಿ ಬೆಂಕಿಯೂ ಬಿತ್ತು. ಪಕ್ಕದ ಮನೆಯ ಹಿರಿಯರು, 'ಬೆಟ್ಟ ಹಾಳು ಮಾಡಿದವ ನೀನೇ' ಅಂದರು. ಕುಮಟಾ ಕಡೆ ಹೆಂಡತಿಯ ತವರಲ್ಲೂ ಉಪ್ಪುನೀರ ಬದಿಯ ಗಜನಿ ಗದ್ದೆ ಪಾಳು ಬಿದ್ದು ಎರಡು ವರ್ಷ. ಕಡಿದರೂ ತಪ್ಪು, ಬಿಟ್ಟರೂ ತಪ್ಪು ಅಂದರೆ ಸರಿ ಯಾವುದು?"

ಪ್ರಿಯ ಓದುಗರೇ,

ಹಿರಿಯರ ಮಾತು ಒರಟಾಯಿತು. ನಿಮಗೆ ನೋವಾಗಿದ್ದು ಸಹಜ. ಆದರೆ ಆ ಮಾತನ್ನು ಹಾಗೇ ತಳ್ಳಿಹಾಕಬೇಡಿ. ಆರು ವರ್ಷ ಬೆಟ್ಟ ನೋಡಿ ಬೇಜಾರಾದವರು ಮಾತ್ರ ಹಾಗೆ ಹೇಳುತ್ತಾರೆ. ಆ ಬೆಟ್ಟದ ಮೇಲೆ ನಿಮ್ಮಷ್ಟೇ ಪ್ರೀತಿ ಅವರಿಗೂ ಇದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ 'ಕಾಡು' ಅಂತ ಒಂದೇ ಮಾತಿನಲ್ಲಿ ಯಾರೂ ಮುಗಿಸುವುದಿಲ್ಲ. ಕಾನು ಬೇರೆ, ಬೆಟ್ಟ ಬೇರೆ, ಬೇಣ ಬೇರೆ, ಜಡ್ಡಿ ಬೇರೆ. ಹೆಸರು ಬೇರೆಯಾದ ಹಾಗೆ ಅಲ್ಲಿ ನಾವು ನಡೆದುಕೊಳ್ಳುವ ರೀತಿಯೂ ಬೇರೆ. ನೀವು ಬೆಟ್ಟವನ್ನು ಕಾನಿನ ಹಾಗೆ ನೋಡಿದಿರಿ. ತೊಂದರೆ ಶುರುವಾಗಿದ್ದು ಅಲ್ಲಿಂದಲೇ ಅಂತ ನನಗನ್ನಿಸುತ್ತದೆ.

ಕಾನು ಅಂದರೆ ಕತ್ತಲು, ತಂಪು, ನೀರು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಒಮ್ಮೆ ಹೋಗಿ ಬನ್ನಿ. ಹಳ್ಳದ ಬದಿಯ ಕೆಸರಿನಿಂದ ರಾಮಪತ್ರೆ ಜಾತಿಯ ಮರಗಳ ಬೇರು ಮಂಡಿ ಮಡಚಿದ ಹಾಗೆ ಮೇಲೆದ್ದಿರುತ್ತದೆ. ಕೆಸರಲ್ಲಿ ಉಸಿರಾಡಲು ಮರ ಮಾಡಿಕೊಂಡ ದಾರಿ ಅದು. ವಿಜ್ಞಾನಕ್ಕೆ ಅಲ್ಲಿವರೆಗೆ ಗೊತ್ತಿಲ್ಲದ ಒಂದು ಮರ ಅಲ್ಲಿ ಸಿಕ್ಕಿ, ವಿಜ್ಞಾನಿಗಳು 2000ದಲ್ಲಿ ಅದಕ್ಕೆ ಆ ಕಾನಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಆ ಕಡೆಯ ಕಾಡು ಸಿಂಗಳೀಕಗಳ ಮನೆ. ಅಂಥ ಕಡೆ ನಿಮ್ಮ ನಿಯಮ ನೂರಕ್ಕೆ ನೂರು ಸರಿ. ಕತ್ತಿ ಬೇಡ, ದರಕು ಬೇಡ, ಸುಮ್ನೆ ನೋಡಿ ಬರಬೇಕು. ನಮ್ಮ ಹಿರಿಯರೂ ದೇವರ ಕಾನು ಅಂತ ಎಷ್ಟೋ ಕಡೆ ಕೈಮುಗಿದು ಬಿಟ್ಟಿದ್ದರು.

ಬೆಟ್ಟದ ಕತೆ ಹಾಗಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಬೇಕು ಅಂತ ಬ್ರಿಟಿಷರ ಕಾಲದಲ್ಲೇ ಬಳಕೆಗೆ ಬಿಟ್ಟುಕೊಟ್ಟ ಕಾಡು ಅದು. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೂ ಸಿಕ್ಕಿದ್ದುಂಟು. ಜಾಗ ಸರ್ಕಾರದ್ದು, ನಮಗಿರುವುದು ಬಳಸುವ ಹಕ್ಕು. ತಲೆಮಾರುಗಳಿಂದ ಸೊಪ್ಪು ಕಡಿದೂ ಕಡಿದೂ ಅಲ್ಲಿ ನೆರಳು ತೆಳುವಾಗಿದೆ, ಬಿಸಿಲು ನೆಲ ಮುಟ್ಟುತ್ತದೆ. ನೀವು ಹೊರಗೆ ನಿಂತ ಕೂಡಲೇ ಆ ಬಿಸಿಲಿಗೆ ಮೊದಲು ಎದ್ದಿದ್ದು ಮತ್ತಿ, ನಂದಿ, ಹೊನ್ನೆಯ ಸಸಿಗಳಲ್ಲ, ಯುಪಟೋರಿಯಂ. ಅದಕ್ಕೆ ಬಿಸಿಲೆಂದರೆ ಜೀವ. ಫೆಬ್ರವರಿ ಹೊತ್ತಿಗೆ ಒಣಗಿ ಕಡ್ಡಿಯಾಗುತ್ತದೆ, ಮಾರ್ಚ್‌ನಲ್ಲಿ ಒಂದು ಕಿಡಿ ಸಾಕು. ಬೆಂಕಿಯಲ್ಲಿ ಸಣ್ಣ ಸಸಿಗಳೆಲ್ಲ ಸಾಯುತ್ತವೆ. ಯುಪಟೋರಿಯಂ ಬುಡ ಮಾತ್ರ ಸಾಯುವುದಿಲ್ಲ, ಮೊದಲ ಮಳೆಗೇ ಚಿಗುರುತ್ತದೆ. ಮರುವರ್ಷ ಇನ್ನೂ ಜಾಸ್ತಿ. ನಿಮ್ಮ ಬೆಟ್ಟ ಈಗ ಈ ಸುಳಿಯಲ್ಲಿ ಸಿಕ್ಕಿದೆ.

ಹಾಗಂತ ಹಿಂದೆ ಕಡಿದವರೆಲ್ಲ ಸರಿಯಾಗಿ ಕಡಿದರು ಅಂತ ನಾನು ಹೇಳಲಾರೆ. ತಲೆವರೆಗೂ ಬೋಳಿಸಿ, ಮರ ನಿಂತಲ್ಲೇ ಒಣಗಿದ ಬೆಟ್ಟಗಳು ನಮ್ಮ ಕಣ್ಣೆದುರೇ ಇವೆ. ಬರೀ ಜಂಬಿಟ್ಟಿಗೆ ಕಾಣುವಷ್ಟು ದರಕು ಗುಡಿಸಿದ ಇಳಿಜಾರುಗಳೂ ಇವೆ. ಅದನ್ನು ನೋಡಿಯೇ ನೀವು ಕತ್ತಿ ಕೆಳಗಿಟ್ಟಿರಬೇಕು ಅಲ್ವಾ? ಆ ನಿರ್ಧಾರದ ಹಿಂದಿನ ಮನಸ್ಸು ದೊಡ್ಡದು.

ಚೆನ್ನಾಗಿ ಕಡಿಯುವುದು ಹೇಗೆಂದು ನಾನು ಕಂಡಿದ್ದನ್ನು ಹೇಳುತ್ತೇನೆ. ಚಿಕ್ಕವನಿದ್ದಾಗ ಸೊಪ್ಪಿನ ಹೊರೆ ಹೊರಲು ಬೆಟ್ಟಕ್ಕೆ ಹೋಗುತ್ತಿದ್ದೆ. ಸೊಪ್ಪು ಕಡಿಯಲು ಬರುತ್ತಿದ್ದ ಒಬ್ಬರು ಮರ ಹತ್ತುವ ಮೊದಲು ಅದನ್ನು ಒಂದು ಸುತ್ತು ಬರುತ್ತಿದ್ದರು. ಹಳೆಯ ಗಾಯವನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಸುತ್ತಲಿನ ತೊಗಟೆ ಉಬ್ಬಿ ಒಳಗೆ ಮುಚ್ಚಿಕೊಂಡು ಬಂದಿದ್ದರೆ ಹತ್ತುವುದು. ಗಾಯ ಇನ್ನೂ ಬಾಯಿ ಬಿಟ್ಟಿದ್ದರೆ, "ಇದಕ್ಕೆ ಇನ್ನೊಂದು ವರ್ಷ ಬೇಕು" ಅಂತ ಮುಂದಿನ ಮರಕ್ಕೆ. ಟೊಂಗೆಗೆ ಮೊದಲ ಏಟು ಕೆಳಗಿನಿಂದ, ಆಮೇಲೆ ಮೇಲಿನಿಂದ. ಹಾಗೆ ಮಾಡಿದರೆ ಟೊಂಗೆ ಬೀಳುವಾಗ ತೊಗಟೆ ಸಿಗಿದುಕೊಂಡು ಹೋಗುವುದಿಲ್ಲ. ಕಡಿದ ಜಾಗ ಓರೆಯಾಗಿರಬೇಕು, ಮಳೆ ನೀರು ನಿಲ್ಲಬಾರದು. ಕುಡಿಯನ್ನೂ, ಅದರ ಕೆಳಗಿನ ಮೂರನೇ ಒಂದು ಪಾಲು ಹಸಿರನ್ನೂ ಅವರು ಎಂದೂ ಮುಟ್ಟುತ್ತಿರಲಿಲ್ಲ. ಇಂದು ಕಡಿದ ಮರಕ್ಕೆ ಎರಡು ಮೂರು ವರ್ಷ ರಜೆ. ಆ ಬೆಟ್ಟದ ಯಾವ ಮರ ಯಾವ ವರ್ಷ ಕಡಿದದ್ದು ಅಂತ ಅವರಿಗೆ ಬಾಯಿಪಾಠವಾಗಿತ್ತು. ಅಂಥ ಲೆಕ್ಕ ನೆನಪಿರುವುದು ವರ್ಷ ವರ್ಷವೂ ಅದೇ ಬೆಟ್ಟಕ್ಕೆ ಹೋಗುವವರಿಗೆ ಮಾತ್ರ.

ನಮ್ಮ ಅಪ್ಪಿಕೋ ಚಳವಳಿಯನ್ನು ಇಲ್ಲಿ ನೆನೆಯಬೇಕು. 1983ರ ಸೆಪ್ಟೆಂಬರ್ 8ರಂದು ಶಿರಸಿ ಹತ್ತಿರದ ಸಾಲ್ಕಣಿ ಸುತ್ತಿನ ಹೆಂಗಸರು, ಗಂಡಸರು ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡರು. ಈ ದೃಶ್ಯ ಎಲ್ಲರಿಗೂ ನೆನಪಿದೆ. ಅವರ ಘೋಷಣೆಯಲ್ಲಿ ಮೂರು ಮಾತಿದ್ದವು: ಉಳಿಸು, ಬೆಳೆಸು, ಬಳಸು. ಮೊದಲ ಎರಡನ್ನು ನಾವು ಸಭೆ ಸಭೆಯಲ್ಲೂ ಹೇಳುತ್ತೇವೆ. ಮೂರನೆಯದು ಬಾಯಲ್ಲೇ ಉಳಿದುಬಿಡುತ್ತದೆ. ಆದರೆ ಮರ ಅಪ್ಪಿಕೊಂಡವರು ಕಾಡಿನ ಸೊಪ್ಪು, ಸೌದೆ, ಜೇನು, ಮುರುಗಲು ನಂಬಿ ಬದುಕಿದವರು. ಕಾಡು ಬೇಕಾಗಿದ್ದಕ್ಕೇ ಅದನ್ನು ಕಾದರು. ನೀವು ಅವರ ಮೊದಲ ಮಾತು ಹಿಡಿದಿರಿ, ಮೂರನೆಯದನ್ನು ಬಿಟ್ಟಿರಿ. ಬಳಸದ ಬೆಟ್ಟಕ್ಕೆ ನೀವೂ ಹೋಗುವುದಿಲ್ಲ. ಹೋಗದಿದ್ದರೆ ಬಳ್ಳಿ ಬಿಗಿದಿದ್ದು, ಹುಳ ಬಿದ್ದಿದ್ದು, ಯಾರೋ ರಾತ್ರಿ ಹೊನ್ನೆ ಮರ ಕಡಿದು ಸಾಗಿಸಿದ್ದು ಯಾವುದೂ ಗೊತ್ತಾಗುವುದಿಲ್ಲ. ಬೆಂಕಿ ಬಿದ್ದ ಸುದ್ದಿಯೂ ನಿಮಗೆ ಬೇರೆಯವರಿಂದ ಬಂದಿರಬೇಕು.

ಬಳಕೆ ದುರಾಸೆಯಾದರೆ ಏನಾಗುತ್ತದೆ ಅನ್ನುವುದಕ್ಕೆ ಕಾಡಿನ ಹುಳಿ ಹಣ್ಣು ಉಪ್ಪಾಗೆ ಸಾಕ್ಷಿ. ಒಣಸಿಪ್ಪೆಗೆ ಹೊರಗಿನ ಬೇಡಿಕೆ ಬಂದ ಮೇಲೆ, ಬೇರೆಯವರು ಕೊಯ್ದುಕೊಂಡು ಹೋದಾರು ಅಂತ ಹಣ್ಣಾಗುವ ಮೊದಲೇ ಕೊಯ್ದರು. ಎಷ್ಟೋ ಕಡೆ ಟೊಂಗೆಯನ್ನೇ ಕಡಿದು ಕೆಡವಿದರು. ಮಳೆಗಾಲದ ಬೆಳೆ ಅದು, ಬಿಸಿಲಿಲ್ಲ, ಒಣಗಿಸಲು ಮತ್ತೆ ಕಾಡಿನ ಸೌದೆ. ಹೊಳೆ ಬದಿಯ ಅಪ್ಪೆಮಿಡಿ ಮರಗಳ ಪಾಡೂ ಇದೇ.

ಕೊಡುವ ಕೈ ಹೇಗಿರುತ್ತದೆ ಅಂತ ನೋಡಬೇಕಾದರೆ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರನ್ನು ನೆನೆಯಿರಿ. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡ ಚಿತ್ರ ಎಲ್ಲರ ಮನಸ್ಸಿನಲ್ಲಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನರ್ಸರಿಯಲ್ಲಿ ದಶಕಗಟ್ಟಲೆ ಅವರು ಮಾಡಿದ ಕೆಲಸ. ಯಾವ ಜಾತಿಗೆ ಯಾವುದು ತಾಯಿಮರ, ಅದರ ಬೀಜ ಯಾವಾಗ ಆರಿಸಿದರೆ ಚೆನ್ನಾಗಿ ಹುಟ್ಟುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಆ ಬೀಜವೂ ಕಾಡಿನಿಂದ ತೆಗೆದುಕೊಂಡಿದ್ದೇ ತಾನೇ!

ಇನ್ನು ಗಜನಿಯ ಮಾತು. ನಿಮ್ಮ ಬೆಟ್ಟದ ಮೇಲೆ ಬಿದ್ದ ಮಳೆ ಅಘನಾಶಿನಿ ಹೊಳೆಗೆ ಸೇರುವುದಾದರೆ, ಅದು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಒಂದು ಅಣೆಕಟ್ಟು ಕಾಣದೆ, ನಿಮ್ಮ ಮಾವನ ಮನೆ ಕಡೆಗೇ ಹೋಗುತ್ತದೆ. ಅಲ್ಲಿ ಸಿಹಿನೀರು, ಉಪ್ಪುನೀರು ಕೂಡುವ ಅಳಿವೆಯ 4,801 ಹೆಕ್ಟೇರ್ ಜಾಗಕ್ಕೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅದು ಜನರಿಲ್ಲದ ಜಾಗವಲ್ಲ. ಬಳಚು (ಚಿಪ್ಪುಮೀನು) ಹೆಕ್ಕುವವರು, ಏಡಿ ಹಿಡಿಯುವವರು, ಗಜನಿ ಬಿತ್ತುವವರು ತಲೆತಲಾಂತರದಿಂದ ಬದುಕುತ್ತಿರುವ ಜಾಗ.

ಗಜನಿಯ ಕೆಲಸ ನೋಡಿದರೆ ಮನಸ್ಸು ತುಂಬಿ ಬರುತ್ತದೆ. ಮಳೆಗೆ ಮೊದಲು ಕಟ್ಟೆಗೆ ಮಣ್ಣು ಮೆತ್ತುತ್ತಾರೆ. ಜೂನ್ ಮಳೆ ನೆಲದ ಉಪ್ಪು ತೊಳೆಯುತ್ತದೆ. ಆಮೇಲೆ ಕಗ್ಗ ಭತ್ತದ ಬಿತ್ತನೆ. ಕಗ್ಗ ಉಪ್ಪು ತಡೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಏಳುತ್ತದೆ. ಗೊಬ್ಬರ ಕೇಳುವುದಿಲ್ಲ, ಹೊಳೆ ತಂದ ಗೋಡು ಮಣ್ಣೇ ಗೊಬ್ಬರ. ಇಳಿತಕ್ಕೆ ಕಟ್ಟೆಯ ತೂಬಿನ ಹಲಗೆ ಎತ್ತಿ ಮಳೆ ನೀರು ಬಿಡಬೇಕು, ಭರತಕ್ಕೆ ಮೊದಲು ಹಲಗೆ ಇಳಿಸಬೇಕು. ಒಂದು ರಾತ್ರಿ ಹೀಗೆ ಹಲಗೆ ಇಳಿಸುವವರ ಜೊತೆ ನಾನು ಬ್ಯಾಟರಿ ಹಿಡಿದು ನಿಂತಿದ್ದೆ. ಹಲಗೆ ಕೂತ ಮೇಲೂ ಸಂದಿಯಲ್ಲಿ ನೀರು ಸುಯ್ ಅನ್ನುತ್ತಿತ್ತು. ಅವರು ಮಂಡಿಯೂರಿ, ಕೆಸರನ್ನು ಮುಷ್ಟಿ ಮುಷ್ಟಿ ಒತ್ತಿ, ಕಿವಿಗೊಟ್ಟು ಕೇಳಿದರು. ಸದ್ದು ನಿಂತ ಮೇಲೇ ಎದ್ದರು. ಕೊಯ್ಲಾದ ಮೇಲೆ ಅದೇ ಹಲಗೆ ತೆಗೆದು ಭರತದ ನೀರನ್ನು ಒಳಗೆ ಕರೆಯುತ್ತಾರೆ. ಕೊಳೆಯುವ ಕೂಳೆ ತಿಂದು ಸೀಗಡಿ, ಮೀನು ಬೆಳೆಯುತ್ತವೆ. ಅರ್ಧ ವರ್ಷ ಸಮುದ್ರವನ್ನು ತಡೆದು ಅನ್ನ, ಅರ್ಧ ವರ್ಷ ಒಳಗೆ ಬಿಟ್ಟು ಮೀನು.

ಈ ವ್ಯವಸ್ಥೆ ಸಡಿಲವಾಗಿದ್ದು ಮನೆಗೊಬ್ಬರಂತೆ ಕಟ್ಟೆ ಕೆಲಸಕ್ಕೆ ಹೋಗುವುದು ನಿಂತಾಗ. ಕಲ್ಲಿನ ಕಾಯಂ ಕಟ್ಟೆ ಬಂತು, ಇನ್ನು ನಮ್ಮ ಕೆಲಸವಿಲ್ಲ ಅಂದುಕೊಂಡರು. ಆಮೇಲೆ ಸೀಗಡಿಯ ದುಡ್ಡು ಬಂತು, ಭತ್ತ ಹಿಂದೆ ಬಿತ್ತು. ತೊಂಬತ್ತರ ದಶಕದಲ್ಲಿ ಸೀಗಡಿಗೆ ಬಿಳಿಚುಕ್ಕಿ ರೋಗ ಬಂದಾಗ ಅದೂ ಹೋಯಿತು. ಗಜನಿಯಲ್ಲಿ ಎಲ್ಲರ ಗದ್ದೆಗೂ ಕಟ್ಟೆ ಒಂದೇ, ಹಲಗೆ ಒಂದೇ. ಹಾಗಾಗಿ ನಿಮ್ಮ ಮಾವನವರು ಒಬ್ಬರೇ ಬಿತ್ತುತ್ತೇನೆಂದರೆ ಆಗುವುದಿಲ್ಲ. ಅವರನ್ನು ದೂರಬೇಡಿ.

ಈಗ ನಿಮ್ಮ ಬೆಟ್ಟಕ್ಕೆ ಏನು ಮಾಡಬಹುದು? ಈ ತಿಂಗಳೇ ಬೆಂಕಿಗೆರೆ ಹಾಕಿ. ಗಡಿಯುದ್ದಕ್ಕೂ ಎರಡು ಆಳಿನ ಅಗಲ ಸಾಕು. ಗುಡಿಸಿದ ದರಕು ತೋಟಕ್ಕಾಯಿತು. ಬೆಟ್ಟದ ಒಳಗಿನ ಇಳಿಜಾರಿನ ದರಕು ಹಾಗೇ ಇರಲಿ, ಮಳೆ ನೀರು ಇಂಗಲು ಅದೇ ಆಸರೆ. ಪಕ್ಕದ ಬೆಟ್ಟದವರನ್ನೂ ಕೂಡಿಸಿಕೊಳ್ಳಿ, ಬೆಂಕಿಗೆ ಗಡಿ ಗೊತ್ತಿಲ್ಲ. ಯುಪಟೋರಿಯಂ ಅನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲು ಬೇರು ಸಮೇತ ಕೀಳಿ. ಸುಡಬೇಡಿ, ಕೊಟ್ಟಿಗೆಗೆ ಹಾಸಿ, ಒಳ್ಳೆ ಗೊಬ್ಬರ. ಒಂದೇ ವರ್ಷಕ್ಕೆ ಮುಗಿಯುವುದಿಲ್ಲ. ಅದರ ಅಡಿಯಲ್ಲಿ ತಾನಾಗಿ ಹುಟ್ಟಿದ ನೇರಲು, ಮತ್ತಿ, ಮುರುಗಲು ಸಸಿ ಸಿಕ್ಕೇ ಸಿಗುತ್ತವೆ. ಅವುಗಳ ಪಕ್ಕ ಒಂದು ಗೂಟ ನೆಡಿ. ಹೊಸ ಗಿಡ ನೆಡುವುದಕ್ಕಿಂತ ಅವನ್ನು ಕಾಯುವುದೇ ಮೇಲು. ಮೇಲೆ ನೆರಳು ಕೂಡಿದರೆ ಕಳೆ ತಾನೇ ಸೋಲುತ್ತದೆ. ಹಳ್ಳದ ಬದಿಯ ತುಣುಕು ನಿಮ್ಮಲ್ಲಿದ್ದರೆ ಅದನ್ನು ಮಾತ್ರ ನಿಮ್ಮ ಹಳೆಯ ನಿಯಮದಂತೆ ಮುಟ್ಟದೆ ಬಿಡಿ, ಅದು ಮತ್ತೆ ಕಾನಾಗಲಿ. ಗುಡ್ಡದ ಬುಡ ಜೆಸಿಬಿಯಲ್ಲಿ ಕೆತ್ತಿಸುವ ಯೋಚನೆ ಯಾರೇ ತಂದರೂ ಬೇಡವೆನ್ನಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದಿದ್ದನ್ನು ನಾವು ಮರೆಯುವಂತಿಲ್ಲ.

ಸೊಪ್ಪು ಕಡಿಯುವುದಕ್ಕೆ ಈಗಲೇ ಆತುರ ಬೇಡ. ಬೆಂಕಿಯಲ್ಲಿ ಬೆಂದ ಮರಗಳಿಗೆ ಎರಡು ಮಳೆಗಾಲ ಕೊಡಿ. ಅಷ್ಟರಲ್ಲಿ ನಿಮ್ಮನ್ನು ಬೈದ ಆ ಹಿರಿಯರನ್ನೇ ಒಂದು ಬೆಳಿಗ್ಗೆ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಯಾವ ಮರ ಕಡಿಯಬಹುದು, ಯಾವುದಕ್ಕೆ ರಜೆ ಬೇಕು ಅಂತ ಕೇಳಿ. ಅವರು ಬರುತ್ತಾರೆ, ನೋಡಿ.

ಹೆಂಡತಿಯ ಊರಿಗೆ ಹೋದಾಗ ಒಂದು ವಿಚಾರ ಮಾತ್ರ ತಡ ಮಾಡದೆ ಕೇಳಿ: ಬೀಜದ ಕಗ್ಗ ಇನ್ನೂ ಯಾರ ಮನೆಯಲ್ಲಿದೆ? ಕರಾವಳಿಯ ಈ ತೇವದಲ್ಲಿ ಬಿತ್ತದೆ ಇಟ್ಟ ಭತ್ತ ಬೇಗ ಮೊಳಕೆ ಕಳೆದುಕೊಳ್ಳುತ್ತದೆ. ಎರಡು ವರ್ಷ ಪಾಳು ಬಿಟ್ಟ ಮನೆಯಲ್ಲಿ ಬೀಜ ಉಳಿದಿರುವುದು ಕಷ್ಟ. ಗಜನಿ ಊರಾದ ಮಾಣಿಕಟ್ಟಾ ಕಡೆಯೂ ವಿಚಾರಿಸಿ. ಸಿಕ್ಕರೆ ಒಂದು ಹಿಡಿ ಒದ್ದೆ ಗೋಣಿಯಲ್ಲಿ ಕಟ್ಟಿ ಮೊಳಕೆ ಬರುತ್ತದೋ ನೋಡಿ, ಮೇ ತಿಂಗಳ ಒಳಗೆ ನಮಗೊಂದು ಕಾಗದ ಹಾಕಿ. ಬಿತ್ತಲು ಮನಸ್ಸಿದ್ದು ಬೀಜ ಇಲ್ಲ ಅಂತ ಬರೆದ ಇಬ್ಬರು ಓದುಗರ ಪತ್ರ ನನ್ನ ಮೇಜಿನ ಮೇಲಿದೆ.

ಸಂಪಾದಕ