ಬೇಲಿ ಪಕ್ಕ ಕೂತಿದ್ದ ಕೋಚ್ ಯಾಕೆ ಮಾತಾಡಲಿಲ್ಲ?

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಊರು ಅರಸೀಕೆರೆ. ಆರು ತಿಂಗಳ ಮಟ್ಟಿಗೆ ಟೆಕ್ಸಾಸ್‌ನಲ್ಲಿ ಮಗಳ ಮನೆಗೆ ಬಂದಿದ್ದೇನೆ. ಮೊಮ್ಮಗಳು ಒಂಬತ್ತನೇ ಕ್ಲಾಸು, ಬೇಸ್‌ಬಾಲ್ ಥರದ ಸಾಫ್ಟ್‌ಬಾಲ್ ಆಟ ಆಡುತ್ತಾಳೆ. ಮೊನ್ನೆ ಒಂದು ಟೂರ್ನಮೆಂಟಿನಲ್ಲಿ ಬೇಲಿ ಪಕ್ಕ ಮಡಚೋ ಕುರ್ಚಿ ಹಾಕಿಕೊಂಡು ಒಬ್ಬ ಹೆಂಗಸು ಏನೋ ಬರೆದುಕೊಳ್ಳುತ್ತಿದ್ದರು. ಕಾಲೇಜು ಕೋಚ್ ಅಂತೆ. ‘ನಮ್ಮ ಹುಡುಗಿ ಹೇಗೆ ಆಡ್ತಾಳಮ್ಮ?’ ಅಂತ ಕೇಳಿದೆ. ನಕ್ಕು ಆಚೆ ತಿರುಗಿಕೊಂಡರು. ಇಷ್ಟು ಜಂಭವೇ? ಸಾಲದ್ದಕ್ಕೆ ಮೊಮ್ಮಗಳು ತಾನೂ ಮುಂದೆ ಕಾಲೇಜು ಕೋಚ್ ಆಗುತ್ತೇನೆ ಅನ್ನುತ್ತಾಳೆ. ಅದರಲ್ಲಿ ಅನ್ನ ಹುಟ್ಟುತ್ತದೆಯೇ?

ಉತ್ತರ: ಮೇಷ್ಟ್ರೇ, ಪಾಪ, ಆಕೆಯನ್ನು ಬೈಯಬೇಡಿ. ಅಲ್ಲಿನ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ 2018ರಲ್ಲಿ ಒಂದು ನಿಯಮ ಮಾಡಿದೆ. ಹುಡುಗಿ 11ನೇ ಕ್ಲಾಸಿಗೆ ಬಂದು ಸೆಪ್ಟೆಂಬರ್ 1 ಆಗುವವರೆಗೂ ಮೇಲಿನ ದರ್ಜೆಯ, ಅಂದರೆ ಡಿವಿಷನ್ ಒಂದರ ಸಾಫ್ಟ್‌ಬಾಲ್ ಕೋಚ್‌ಗಳು ಅವಳ ಹತ್ತಿರವಾಗಲಿ ಮನೆಯವರ ಹತ್ತಿರವಾಗಲಿ ತಂಡಕ್ಕೆ ಸೇರಿಸಿಕೊಳ್ಳುವ ಮಾತು ಎತ್ತುವಂತಿಲ್ಲ. ಅದಕ್ಕೆ ಮುಂಚೆ ಎಂಟನೇ ಕ್ಲಾಸಿನ ಮಕ್ಕಳೇ ‘ನಾನು ಇಂಥ ಕಾಲೇಜಿಗೇ ಬರೋದು’ ಅಂತ ಮಾತು ಕೊಟ್ಟುಬಿಡುತ್ತಿದ್ದರು. ಎಂಟನೇ ಕ್ಲಾಸಿನಲ್ಲಿ ನಮಗೆ ಮುಂದೆ ಸೈನ್ಸೋ ಕಾಮರ್ಸೋ ಅನ್ನುವುದೇ ಗೊತ್ತಿರಲಿಲ್ಲ, ಅಲ್ವಾ? ಹಾಗಾಗಿ ಆಕೆ ನಕ್ಕರಲ್ಲ, ಅಷ್ಟು ಸಿಕ್ಕಿದ್ದೇ ಜಾಸ್ತಿ. ಬೇಸಿಗೆಯೆಲ್ಲ ಹೀಗೆ ಊರೂರು ಸುತ್ತಿ, ಬಿಸಿಲಲ್ಲಿ ಕೂತು, ಬೇರೆಯವರ ಮಕ್ಕಳ ಓಟಕ್ಕೆ ಸ್ಟಾಪ್‌ವಾಚ್ ಒತ್ತುವುದೂ ಈ ಕೆಲಸದ ದೊಡ್ಡ ಭಾಗ.

ಇನ್ನು ಅನ್ನದ ವಿಷಯ. ಹುಟ್ಟುತ್ತದೆ, ಆದರೆ ತಡವಾಗಿ.

ಪ್ಯಾಟಿ ಗ್ಯಾಸೋ ಅಂತ ಒಬ್ಬರಿದ್ದಾರೆ, ಒಕ್ಲಹೋಮ ವಿಶ್ವವಿದ್ಯಾಲಯದ ಕೋಚ್. ಮೊದಲು ಕ್ಯಾಲಿಫೋರ್ನಿಯಾದಲ್ಲಿ ಲಾಂಗ್ ಬೀಚ್ ಸಿಟಿ ಕಾಲೇಜು ಅನ್ನುವ ಎರಡು ವರ್ಷದ ಕಾಲೇಜಿನಲ್ಲಿದ್ದರು. 1995ರ ಸೀಸನ್‌ಗೆ ಒಕ್ಲಹೋಮಕ್ಕೆ ಬಂದಾಗ ತಂಡಕ್ಕೆ ಸ್ವಂತ ಮೈದಾನವೇ ಇರಲಿಲ್ಲ. ನಾರ್ಮನ್ ಊರಿನ ರೀವ್ಸ್ ಪಾರ್ಕ್ ಅನ್ನುವ ಸಾರ್ವಜನಿಕ ಪಾರ್ಕಿನಲ್ಲಿ ಆಟ. ಊರಿನ ಗಂಡಸರು ಅಲ್ಲಿ ಆಡಿ, ಕುಡಿದು ಬಿಟ್ಟುಹೋದ ಬಿಯರ್ ಡಬ್ಬಿಗಳನ್ನು ಹೆಕ್ಕಿ ಹಾಕಿದ ಮೇಲೆ ಇವರ ಪ್ರಾಕ್ಟೀಸ್. 1998ಕ್ಕೆ ಸ್ವಂತ ಮೈದಾನ ಬಂತು, 2000ದಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್. 2024ರ ಹೊತ್ತಿಗೆ ಅದು ಎಂಟಾಗಿತ್ತು, ಕೊನೆಯ ನಾಲ್ಕು ಸತತವಾಗಿ, ಅದನ್ನು ಬೇರೆ ಯಾರೂ ಮಾಡಿಲ್ಲ. 2023–24ರಲ್ಲಿ ಒಂದರ ಹಿಂದೊಂದು 71 ಪಂದ್ಯ ಗೆದ್ದರು. ಈಗ ಅವರಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ಗೂ ಮೇಲೆ ಸಂಬಳ, ತಂಡಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಕೂರುವ ಸ್ಟೇಡಿಯಂ. ಮೊಮ್ಮಗಳು ನೋಡಿರುವುದು ಈ ಸ್ಟೇಡಿಯಂ, ನೀವು ಅವಳಿಗೆ ಆ ಡಬ್ಬಿಯ ಕಥೆಯನ್ನೂ ಹೇಳಿ.

ನನಗೆ ಇನ್ನೂ ಇಷ್ಟವಾದವರು ಮಿಶಿಗನ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಕ್ಯಾರಲ್ ಹಚಿನ್ಸ್. ಹೆಣ್ಣುಮಕ್ಕಳಿಗೂ ಕಾಲೇಜಿನಲ್ಲಿ ಸಮಾನ ಅವಕಾಶ ಕೊಡಬೇಕು ಅನ್ನುವ ಟೈಟಲ್ ನೈನ್ ಕಾನೂನು 1972ರಲ್ಲೇ ಬಂದಿತ್ತು. ಆದರೂ ಆಕೆ ಮಿಶಿಗನ್ ಸ್ಟೇಟ್ ಅನ್ನುವ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವಾಗ ಹುಡುಗರಿಗೆ ಕೊಡುವ ಸೌಲಭ್ಯ ಹುಡುಗಿಯರಿಗೆ ಇರಲಿಲ್ಲ. ಸುಮ್ನೆ ಕೂರಲಿಲ್ಲ, ತಾವು ಓದುತ್ತಿದ್ದ ವಿಶ್ವವಿದ್ಯಾಲಯದ ಮೇಲೇ ಕೇಸು ಹಾಕಿದರು. ಆಮೇಲೆ ಫೆರಿಸ್ ಸ್ಟೇಟ್‌ನಲ್ಲಿ ಒಂದು ವರ್ಷ ಕೋಚ್, ಮಿಶಿಗನ್‌ನಲ್ಲಿ ಸಹಾಯಕಿ, 1985ರಿಂದ ಅಲ್ಲೇ ಮುಖ್ಯ ಕೋಚ್. 2022ರಲ್ಲಿ ನಿವೃತ್ತರಾಗುವಾಗ ಒಟ್ಟು 1,707 ಗೆಲುವು. ಸೀಸನ್ ಶುರುವಾಗುವುದು ಫೆಬ್ರವರಿಯಲ್ಲಿ, ಆಗ ಮಿಶಿಗನ್ ತುಂಬ ಹಿಮ. ಹಾಗಾಗಿ ಅಲ್ಲಿನ ತಂಡ ಮೊದಲ ಕೆಲವು ವಾರ ದಕ್ಷಿಣದ ಊರುಗಳಿಗೆ ಹೋಗಿಯೇ ಆಡಬೇಕು. ಇಂಥ ತಂಡ ಕಟ್ಟಿಕೊಂಡು 2005ರ ಎನ್‌ಸಿಎಎ ಫೈನಲ್ಲಿನಲ್ಲಿ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯವನ್ನು ಸೋಲಿಸಿದರು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಎನ್‌ಸಿಎಎ ಸಾಫ್ಟ್‌ಬಾಲ್ ಪ್ರಶಸ್ತಿ ಹೋದದ್ದು ಅದೇ ಮೊದಲು.

ಇವರೆಲ್ಲ ತುದಿಯಲ್ಲಿರುವವರು. ಸಾಮಾನ್ಯ ದಾರಿ ಹೀಗಿರುತ್ತದೆ: ಕಾಲೇಜಿನಲ್ಲಿ ಆಡಬೇಕು, ಮಾಸ್ಟರ್ಸ್ ಓದುತ್ತಾ ತಂಡಕ್ಕೆ ಸಹಾಯಕಿಯಾಗಬೇಕು, ಸಣ್ಣ ಕಾಲೇಜಿನಲ್ಲಿ ಮೈದಾನಕ್ಕೆ ತಾನೇ ಹಲುಬೆ ಎಳೆದು, ಗೆರೆ ಹಾಕಿ, ಬಸ್ಸು ಊಟ ಎಲ್ಲ ನೋಡಿಕೊಂಡು ಕೆಲವು ವರ್ಷ ಸವೆಸಬೇಕು. ಸೋತರೆ ಕೆಲಸ ಹೋಗುತ್ತದೆ, ಸರ್ಕಾರಿ ಮೇಷ್ಟ್ರ ಕೆಲಸದ ಹಾಗಲ್ಲ. ಇನ್ನೊಂದು ಮಾತು, ಇದು ನನಗೆ ಸಿಟ್ಟು ತರಿಸುವ ವಿಷಯ. 1972ರ ಸುಮಾರಿಗೆ ಅಮೆರಿಕದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ತಂಡಗಳಿಗೆ ನೂರಕ್ಕೆ 90ಕ್ಕಿಂತ ಹೆಚ್ಚು ಕಡೆ ಹೆಂಗಸರೇ ಕೋಚ್ ಇದ್ದರು. ಕಾನೂನು ಬಂದು, ದುಡ್ಡು ಬಂದ ಮೇಲೆ ಗಂಡಸರೂ ಬಂದರು. ಈಗ ಎಲ್ಲ ಆಟಗಳನ್ನು ಒಟ್ಟು ಹಾಕಿದರೆ ಹೆಂಗಸರು ಅರ್ಧಕ್ಕಿಂತ ಕಮ್ಮಿ. ಹಾಗಾಗಿ ನಿಮ್ಮ ಮೊಮ್ಮಗಳು ಕೋಚ್ ಆಗುತ್ತೇನೆ ಅಂದರೆ ಬೇಡ ಅನ್ನಬೇಡಿ. ಈ ಬೇಸಿಗೆಯಲ್ಲೇ ಸಣ್ಣ ಮಕ್ಕಳ ತಂಡಕ್ಕೆ ಹೇಳಿಕೊಡಲು ಹೋಗಲಿ. ಎಂಟು ವರ್ಷದ ಹನ್ನೆರಡು ಮಕ್ಕಳನ್ನು ಒಂದು ಗಂಟೆ ಸಾಲಾಗಿ ನಿಲ್ಲಿಸಲು ಆಯಿತೋ, ಮುಂದಿನ ಮಾತು ಆಮೇಲೆ.

ಪ್ರಶ್ನೆ: ಟೀವಿಯಲ್ಲಿ ನೋಡಿದೆ, ಸಾಫ್ಟ್‌ಬಾಲ್ ಕೋಚ್ ಮೈದಾನದೊಳಗೇ ನಿಂತು ಮೂಗು, ಟೋಪಿ, ಬೆಲ್ಟು ಮುಟ್ಟಿಕೊಳ್ಳುತ್ತಾರೆ. ಏನದು? (ಓದುಗರು, ಮೈಸೂರು)

ಉತ್ತರ: ದೃಷ್ಟಿ ತೆಗೆಯುವುದಲ್ಲ, ಗುಟ್ಟಿನ ಭಾಷೆ! ತಂಡ ಬ್ಯಾಟಿಂಗ್ ಮಾಡುವಾಗ ಕೋಚ್ ಮೂರನೇ ಬೇಸ್ (ಓಡುವವಳು ಮುಟ್ಟಬೇಕಾದ ಗುರುತು) ಹತ್ತಿರ ನಿಲ್ಲಬಹುದು. ಹತ್ತು ಕಡೆ ಮುಟ್ಟಿಕೊಂಡರೂ ಅದರಲ್ಲಿ ಒಂದೆರಡಕ್ಕೆ ಮಾತ್ರ ಅರ್ಥ, ಉಳಿದದ್ದು ಎದುರಾಳಿಯ ಕಣ್ಣಿಗೆ ಮಣ್ಣು. ‘ಓಡು’, ‘ಮೆತ್ತಗೆ ತಟ್ಟಿ ಬಿಡು’ ಇಂಥವು. ಫೀಲ್ಡಿಂಗ್ ಮಾಡುವಾಗ ಬೇರೆ ಉಪಾಯ: ಕೋಚ್ ಅಂಚಿನಿಂದ ಒಂದು ಸಂಖ್ಯೆ ಕೂಗುತ್ತಾರೆ, ಬ್ಯಾಟ್ ಹಿಡಿದವಳ ಹಿಂದೆ ಕೂತ ಕ್ಯಾಚರ್ ತನ್ನ ಮಣಿಕಟ್ಟಿನ ಪಟ್ಟಿಯಲ್ಲಿರುವ ಚೀಟಿ ನೋಡಿ ಯಾವ ಎಸೆತ ಅಂತ ತಿಳಿಯುತ್ತಾಳೆ. ಎಲ್ಲ ಮೊದಲೇ ತೀರ್ಮಾನ ಆಗಿರಬೇಕು, ಯಾಕೆಂದರೆ ಎಸೆಯುವವಳು ನಿಂತಿರುವುದು ಬರೀ 43 ಅಡಿ ದೂರದಲ್ಲಿ. ಕ್ರಿಕೆಟ್ ಪಿಚ್ 66 ಅಡಿ. ಕೈಯನ್ನು ಕೆಳಗಿನಿಂದ ಬೀಸಿ ಎಸೆದರೂ ಗಂಟೆಗೆ 105–110 ಕಿಲೋಮೀಟರ್ ವೇಗ ಬರುತ್ತದೆ. ಬ್ಯಾಟ್ ಹಿಡಿದವಳಿಗೆ ಅರ್ಧ ಸೆಕೆಂಡೂ ಸಿಗಲ್ಲ.

ಪ್ರಶ್ನೆ: ನಾನು ಬಿ.ಪಿ.ಎಡ್. ಮಾಡುತ್ತಿದ್ದೇನೆ, ಸಾಫ್ಟ್‌ಬಾಲ್ ಆಡುತ್ತೇನೆ. ನಮ್ಮ ಕಾಲೇಜುಗಳಲ್ಲೂ ಇಂಥ ಕೆಲಸ ಇದೆಯಾ? (ಓದುಗರು, ದಾವಣಗೆರೆ)

ಉತ್ತರ: ಬರೀ ಸಾಫ್ಟ್‌ಬಾಲ್‌ಗೆ ಅಂತ ಕಾಯಂ ಕೋಚ್ ಇಟ್ಟುಕೊಳ್ಳುವ ಪದ್ಧತಿ ನಮ್ಮ ಕಾಲೇಜುಗಳಲ್ಲಿಲ್ಲ ತಂಗಿ. ಇಲ್ಲಿ ಕೋಚು, ಖೋಖೋ ಮೇಷ್ಟ್ರು, ಮೆರವಣಿಗೆ ಉಸ್ತುವಾರಿ ಎಲ್ಲವೂ ದೈಹಿಕ ಶಿಕ್ಷಣ ನಿರ್ದೇಶಕರೇ. ಆ ಹುದ್ದೆಗೆ ಯುಜಿಸಿಯ 2018ರ ನಿಯಮದ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ 55% ಅಂಕ ಬೇಕು, ಸಾಮಾನ್ಯವಾಗಿ ನೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ದೈಹಿಕ ಸಾಮರ್ಥ್ಯದ ಪರೀಕ್ಷೆಯೂ ಇದೆ. ಜೊತೆಗೆ ಅಂತರ ಕಾಲೇಜು ಅಥವಾ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದ ದಾಖಲೆ ಕೇಳುತ್ತಾರೆ. ನಿನ್ನ ಸಾಫ್ಟ್‌ಬಾಲ್ ಕೈ ಹಿಡಿಯುವುದು ಅಲ್ಲೇ. ಆಡಿದ ಪ್ರತಿ ಟೂರ್ನಮೆಂಟಿನ ಸರ್ಟಿಫಿಕೇಟನ್ನು ಈಗಲೇ ಒಂದು ಫೈಲಿಗೆ ಹಾಕಿಡು, ಜೆರಾಕ್ಸ್ ಎರಡೆರಡು ಮಾಡಿಸಿ.