ಓದುಗರ ಪ್ರಶ್ನೆ: ಕರೆಂಟು ನಿಮಗೆ ಎಷ್ಟೊತ್ತಿಗೆ ಬೇಕು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸೋಲಾರ್ ಬಗ್ಗೆಯೇ. ಬೇಸಿಗೆ ಅಲ್ವಾ! ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಐದು ಮಾಡಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ತೋಟದ ಮನೆ. ಪಂಪ್‌ಸೆಟ್ ಲೈನಿನಿಂದಲೇ ಮನೆಗೂ ಕರೆಂಟು. ತ್ರೀ ಫೇಸ್ ಏಳು ತಾಸು, ರಾತ್ರಿ ಸಿಂಗಲ್ ಫೇಸ್, ಅದೂ ಬಲ್ಬು ಮಿಣುಕುವಷ್ಟು. ಏಜೆಂಟ್ ಒಬ್ಬರು ‘3 ಕಿಲೋವ್ಯಾಟ್ ಹಾಕಿಸಿ, 78,000 ಸಬ್ಸಿಡಿ ಬರುತ್ತದೆ, ಆಮೇಲೆ ಕರೆಂಟು ಹೋಗುವ ಚಿಂತೆಯೇ ಇಲ್ಲ’ ಅನ್ನುತ್ತಿದ್ದಾರೆ. ನಂಬಬಹುದಾ ಸರ್?
— ಓದುಗರು, ಅಥಣಿ ತಾಲ್ಲೂಕು

ಉತ್ತರ: ಸಬ್ಸಿಡಿಯ ಮಾತು ಖರೆ. ಮನೆ ಮಾಳಿಗೆಗೆ ಸೋಲಾರ್ ಹಾಕಿಸುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಆದರೆ ಆ ಕೊನೆಯ ಮಾತಿದೆಯಲ್ಲ, ಅದನ್ನು ನಂಬಬೇಡಿ ಅಣ್ಣಾರೆ. ಈ ಯೋಜನೆಯಲ್ಲಿ ಸಾಮಾನ್ಯವಾಗಿ ಕೂರಿಸುವುದು ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್. ಲೈನಿನಲ್ಲಿ ಕರೆಂಟು ಹೋದ ಕೂಡಲೇ ಅದರ ಇನ್ವರ್ಟರ್ ತಾನೂ ಬಂದ್ ಆಗುತ್ತದೆ, ಮಟಮಟ ಮಧ್ಯಾಹ್ನದ ಬಿಸಿಲಿದ್ದರೂ ಅಷ್ಟೇ. ಕೆಟ್ಟಿದೆ ಅಂತಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಸೋಲಾರ್ ಕರೆಂಟು ಹೊಡೆಯಬಾರದಲ್ಲ!

ನಿಮಗೆ ಕರೆಂಟು ಬೇಕಾಗಿರುವುದು ರಾತ್ರಿ. ಅಂದರೆ ಬೇಕಾಗಿರುವುದು ಬ್ಯಾಟರಿ, ಮೂರು ಕಿಲೋವ್ಯಾಟ್ ಅಲ್ಲ. ಲೆಕ್ಕ ಹಾಕಿ ನೋಡಿ. 9 ವ್ಯಾಟ್‌ನ ನಾಲ್ಕು ಎಲ್‌ಇಡಿ ಆರು ತಾಸು ಉರಿದರೆ 216 ವ್ಯಾಟ್-ತಾಸು (ಇಂಥ ಸಾವಿರ ಸೇರಿದರೆ ಒಂದು ಯೂನಿಟ್). ಕರೆಂಟು ಕಮ್ಮಿ ತಿನ್ನುವ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್‌ನವು ಎರಡು, ಎಂಟು ತಾಸಿಗೆ 480. ಟಿವಿ 50 ವ್ಯಾಟ್, ಮೂರು ತಾಸಿಗೆ 150. ಎಲ್ಲಾ ಸೇರಿ 846, ಮೊಬೈಲ್ ಚಾರ್ಜ್ ಹಿಡಿದರೂ ಒಂದು ಯೂನಿಟ್ ದಾಟುವುದಿಲ್ಲ! ಇದಕ್ಕೆ 400 ವ್ಯಾಟ್‌ನ ಒಂದು ಪ್ಯಾನೆಲ್ ಸಾಕು, ಒಳ್ಳೆಯ ಬಿಸಿಲಿಗೆ ದಿನಕ್ಕೆ ಒಂದೂವರೆ ಯೂನಿಟ್ ಕೊಡುತ್ತದೆ. ಬ್ಯಾಟರಿ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. 12 ವೋಲ್ಟ್, 150 ಎಎಚ್ (ಆಂಪಿಯರ್-ತಾಸು) ಅಂದರೆ ಲೆಕ್ಕಕ್ಕೆ 1.8 ಯೂನಿಟ್, ಆದರೆ ನೀರು ಹಾಕುವ ಹಳೇ ತರಹದ್ದಾದರೆ ಅರ್ಧಕ್ಕಿಂತ ಜಾಸ್ತಿ ತೆಗೆದಷ್ಟೂ ಅದರ ಆಯಸ್ಸು ಕಮ್ಮಿ. ಲಿಥಿಯಂ ಆದರೆ ನೂರರಲ್ಲಿ ಎಂಬತ್ತು ಪಾಲು ತೆಗೆಯಬಹುದು, ದುಡ್ಡು ಜಾಸ್ತಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇದಕ್ಕೆ ಹಚ್ಚಬೇಡಿ.

ಇನ್ನು ಬಲ್ಬು ಮಿಣುಕುವುದಕ್ಕೆ ಒಂದು ಕಾರಣ ನಿಮ್ಮ ಸುತ್ತಲೇ ಇರಬಹುದು. ಸಿಂಗಲ್ ಫೇಸ್ ಇದ್ದಾಗ ಕಂಡೆನ್ಸರ್ ಹಚ್ಚಿ ಮೋಟರ್ ಓಡಿಸುತ್ತಾರೆ. ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ನಾಲ್ಕು ಮಂದಿ ಹೀಗೆ ಮಾಡಿದರೆ ವೋಲ್ಟೇಜ್ ಕುಸಿಯುತ್ತದೆ, ಒಂದು ದಿನ ಟಿಸಿಯೇ ಸುಡುತ್ತದೆ. ಹಳ್ಳಿ ಮನೆಗಳಿಗೆ ದಿನವಿಡೀ ಕರೆಂಟು ಕೊಡುವ ನಿರಂತರ ಜ್ಯೋತಿ ಯೋಜನೆ ಬಂದಾಗ ಊರಿನ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ ಮಾಡಿದರು. ಊರವರಿಗೆ ಒಳ್ಳೆಯದೇ ಆಯಿತು. ಹೊಲದಲ್ಲೇ ಮನೆ ಮಾಡಿಕೊಂಡವರು ಮಾತ್ರ ಪಂಪ್‌ಸೆಟ್ ಲೈನಿನಲ್ಲೇ ಉಳಿದರು. ನಮ್ಮ ಬೆಳಗಾವಿ ಕಡೆ ಇಂಥ ಮನೆ ಎಷ್ಟಿವೆ ಅಂತ ಬೆಂಗಳೂರಿನವರಿಗೆ ಹೇಳಿದರೆ ತಿಳಿಯುವುದೇ ಇಲ್ಲ.

ಪ್ರಶ್ನೆ: 10 ಎಚ್‌ಪಿವರೆಗೆ ಕರೆಂಟು ಪುಕ್ಕಟೆ ಇರುವಾಗ ಕೈಯಿಂದ ದುಡ್ಡು ಹಾಕಿ ಸೋಲಾರ್ ಪಂಪ್ ಯಾಕೆ ಬೇಕು? ನನ್ನದು ಲಿಂಬೆ ತೋಟ.
— ಓದುಗರು, ಇಂಡಿ

ಉತ್ತರ: ಈಗಿರುವ ಕನೆಕ್ಷನ್ ಚೆನ್ನಾಗಿ ನಡೆಯುತ್ತಿದ್ದರೆ ಬೇಡ, ಸುಮ್ನಿರಿ. ಹೊಸ ಬೋರ್ ಹಾಕಿಸಿದ್ದೀರಿ, ಲೈನ್ ದೂರ ಇದೆ ಅಂದರೆ ಮಾತು ಬೇರೆ. ಆಗ ಕಂಬ, ತಂತಿ, ಟಿಸಿಯ ಖರ್ಚು ನಿಮ್ಮ ತಲೆಗೇ ಬರಬಹುದು. ರೈತರ ಸೋಲಾರಿಗೆ ಇರುವ ಕುಸುಮ್ ಯೋಜನೆಯ ‘ಬಿ’ ಭಾಗದಲ್ಲಿ 7.5 ಎಚ್‌ಪಿವರೆಗಿನ ಸೋಲಾರ್ ಪಂಪಿಗೆ ಕೇಂದ್ರದ್ದು ಶೇ. 30, ನಮ್ಮ ರಾಜ್ಯದ್ದು ಶೇ. 50, ಉಳಿದ 20 ನಿಮ್ಮದು.

ಹಾಕಿಸುವ ಮುಂಚೆ ಬೋರಿನ ಆಳ ಹೇಳಿ, ಅಷ್ಟು ಆಳದಿಂದ ಎಷ್ಟು ಲೀಟರ್ ಎತ್ತುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಆಳ ಜಾಸ್ತಿ ಆದಷ್ಟೂ ನೀರು ಕಮ್ಮಿ. ಮುಂಜಾನೆ ಸಣ್ಣಗೆ ಶುರುವಾಗಿ ಹನ್ನೊಂದರಿಂದ ಮೂರರವರೆಗೆ ಜೋರು, ಮೋಡ ಬಂದರೆ ಮತ್ತೆ ಸಣ್ಣ. ಅದಕ್ಕೇ ನೇರ ಡ್ರಿಪ್‌ಗೆ ಬಿಡುವುದಕ್ಕಿಂತ ಕೃಷಿ ಹೊಂಡ ತುಂಬಿಸಿಕೊಂಡು, ಅಲ್ಲಿಂದ ಸಣ್ಣ ಮೋಟರ್‌ನಲ್ಲಿ ಬಿಡುವುದು ವಾಸಿ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹಾವು ಚೇಳಿನ ನಡುವೆ ಸ್ಟಾರ್ಟರ್ ಒತ್ತಲು ಹೋಗುವುದು ತಪ್ಪುತ್ತದಲ್ಲ, ನನ್ನ ಪ್ರಕಾರ ಸೋಲಾರ್ ಪಂಪಿನ ದೊಡ್ಡ ಲಾಭ ಅದೇ. ಭಯ ಇರುವುದು ಒಂದೇ. ಬಿಸಿಲು ಪುಕ್ಕಟೆ ಅಂತ ದಿನವಿಡೀ ಓಡಿಸಿದರೆ ಬೋರು ಬತ್ತುತ್ತದೆ.

ಪ್ರಶ್ನೆ: ದೇಶದ ಅರ್ಧ ವಿದ್ಯುತ್ ಸಾಮರ್ಥ್ಯ ಈಗ ಕಲ್ಲಿದ್ದಲು, ಗ್ಯಾಸ್, ಡೀಸೆಲ್‌ನದಲ್ಲ ಅಂತ ಪೇಪರ್‌ನಲ್ಲಿ ಓದಿದೆ. ಹಾಗಾದರೆ ನಮ್ಮ ಕೂಡಗಿ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಯ ಹೊಗೆ ಯಾಕೆ ನಿಲ್ಲುತ್ತಿಲ್ಲ?
— ಓದುಗರು, ಬಸವನ ಬಾಗೇವಾಡಿ

ಉತ್ತರ: ಪೇಪರ್‌ನವರು ಬರೆದದ್ದು ಸರಿ. 2025ರಲ್ಲಿ ಆ ಗಡಿ ಮುಟ್ಟಿದ್ದೇವೆ. ಆದರೆ ಅದು ಸಾಮರ್ಥ್ಯದ ಲೆಕ್ಕ, ಯೂನಿಟ್ ಲೆಕ್ಕ ಅಲ್ಲ. ನಿಮ್ಮ ಕೂಡಗಿ 2,400 ಮೆಗಾವ್ಯಾಟ್, ಪಾವಗಡ ಸೋಲಾರ್ ಪಾರ್ಕ್ 2,050. ನೋಡಲು ಹೆಚ್ಚುಕಮ್ಮಿ ಒಂದೇ. ಪಾವಗಡ ದಿನಕ್ಕೆ ಕೊಡುವುದು ಸುಮಾರು ಐದು ತಾಸಿನ ಪೂರ್ತಿ ದುಡಿಮೆಯಷ್ಟು, ಅಂದರೆ ಒಂದು ಕೋಟಿ ಯೂನಿಟ್ ಆಸುಪಾಸು. ಕೂಡಗಿ ಇಪ್ಪತ್ನಾಲ್ಕು ತಾಸೂ ಪೂರ್ತಿ ಓಡಿದರೆ ಐದೂಮುಕ್ಕಾಲು ಕೋಟಿ! ಅದಕ್ಕೇ ದೇಶದಲ್ಲಿ ಉರಿಯುವ ಹತ್ತು ಯೂನಿಟ್‌ನಲ್ಲಿ ಸುಮಾರು ಏಳು ಇನ್ನೂ ಕಲ್ಲಿದ್ದಲಿನದು.

ತೊಡಕಿರುವುದು ಸಂಜೆ ಏಳರ ನಂತರ. ಹೊತ್ತು ಮುಳುಗಿದ ಮೇಲೆ ಸೋಲಾರ್ ಸೊನ್ನೆ, ಮನೆಮನೆಯಲ್ಲಿ ದೀಪ, ಟಿವಿ, ಫ್ಯಾನ್ ಎಲ್ಲಾ ಒಮ್ಮೆಗೇ ಶುರು. ಆಲಮಟ್ಟಿಯ 290 ಮೆಗಾವ್ಯಾಟ್ ಇದೆ, ಆದರೆ ಅದಕ್ಕೆ ಅಣೆಕಟ್ಟಿನಿಂದ ನೀರು ಬಿಡುತ್ತಿರಬೇಕು. ಹಗಲಿನ ಸೋಲಾರ್ ಕರೆಂಟಿನಲ್ಲಿ ನೀರನ್ನು ಗುಡ್ಡದ ಮೇಲಿನ ಕೆರೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು ಕರೆಂಟು ಮಾಡುವ ಯೋಜನೆಗೆ ಸವದತ್ತಿ ಕಡೆ ಕೈ ಹಾಕಿದ್ದಾರೆ. ಇಂಥವು ಹತ್ತಾರು ಆಗುವವರೆಗೂ ಕೂಡಗಿ ಚಿಮಣಿಗೆ ರಜೆ ಇಲ್ಲ.

ಪ್ರಶ್ನೆ: ನಮಗೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಆದರೂ ಮಾಳಿಗೆ ಮೇಲೆ ಸೋಲಾರ್ ಹಾಕಿಸಲಾ ಅಣ್ಣಾ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಬೇಡ ತಂಗಿ. ಸೊನ್ನೆಯಲ್ಲಿ ಉಳಿಸುವುದೇನು? 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರು ನೀವಾಗಿದ್ದರೆ ಹಾಕಿಸಿ ಅನ್ನುತ್ತಿದ್ದೆ. ಅವರಿಗೆ 2 ಕಿಲೋವ್ಯಾಟ್ ಸಾಕು. ಸುಮಾರು 200 ಚದರಡಿ ನೆರಳಿಲ್ಲದ ಮಾಳಿಗೆ ಬೇಕು, ತಿಂಗಳಿಗೆ ಇನ್ನೂರು ಚಿಲ್ಲರೆ ಯೂನಿಟ್ ಬರುತ್ತದೆ.

ಪ್ರಶ್ನೆ: ಪ್ಯಾನೆಲ್ ಮೇಲೆ ಧೂಳು, ಜೊತೆಗೆ ಸಕ್ಕರೆ ಕಾರ್ಖಾನೆಯ ಕರಿ. ಹೇಗೆ ತೊಳೆಯಬೇಕು?
— ಓದುಗರು, ಜಮಖಂಡಿ

ಉತ್ತರ: ಬೆಳಕು ಹರಿಯುವಾಗ, ಗಾಜು ತಣ್ಣಗಿದ್ದಾಗ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಮೆತ್ತನೆ ಬಟ್ಟೆ ಸಾಕು, ಪಾತ್ರೆ ಉಜ್ಜುವ ಸ್ಕ್ರಬ್ಬರ್ ಬೇಡವೇ ಬೇಡ. ಸವಳು ಬೋರ್ ನೀರು ಒಣಗಿದರೆ ಬಿಳಿ ಕಲೆ ಕೂರುತ್ತದೆ, ಕುಡಿಯುವ ನೀರು ಒಂದೆರಡು ಕೊಡ ಎತ್ತಿಟ್ಟು ಕೊನೆಗೆ ಅದರಲ್ಲಿ ಒರೆಸಿ. ಕಬ್ಬು ನುರಿಸುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಆ ಕೆಲಸ ಮಳೆಯೇ ಮಾಡುತ್ತದೆ.