ನ್ಯುಮೋನಿಯಾ ಜ್ವರ ಬಿಟ್ಟ ಮೇಲೂ ಕೆಮ್ಮು, ಸುಸ್ತು: ಮನೆಯಲ್ಲಿ ಆರೈಕೆ ಹೇಗೆ?

ನೀವು ಕೇಳಿದ್ದು ಇಷ್ಟು: 64 ವರ್ಷದ ತಂದೆ ನ್ಯುಮೋನಿಯಾಕ್ಕೆ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಜ್ವರ ಬಿಟ್ಟಿದೆ, ಇನ್ನು ಕೆಲವು ದಿನದ ಮಾತ್ರೆ ಬಾಕಿ ಇದೆ. ಆದರೆ ಕೆಮ್ಮು ನಿಂತಿಲ್ಲ, ಬಚ್ಚಲಿಗೆ ಹೋಗಿ ಬಂದರೂ ಏದುಸಿರು, ದಿನವಿಡೀ ಮಲಗಿಯೇ ಇರುತ್ತಾರೆ. ಇದು ಸಹಜವೇ, ಏನು ಮಾಡಬೇಕು, ಯಾವಾಗ ಮತ್ತೆ ಕರೆದುಕೊಂಡು ಹೋಗಬೇಕು?

ಕೆಮ್ಮು, ಸುಸ್ತು, ಏದುಸಿರು ಮೂರೂ ಈ ಹಂತದಲ್ಲಿ ಇರುತ್ತವೆ. ಆದರೆ ಮೂರು ದಿನದ ಹಿಂದೆ ಇದ್ದದ್ದಕ್ಕಿಂತ ಈಗ ಸ್ವಲ್ಪವಾದರೂ ಮೇಲಾಗಿರಬೇಕು. ಚೇತರಿಕೆ ನಿಧಾನವಾದರೆ ಚಿಂತೆಯಿಲ್ಲ, ಹಿಮ್ಮುಖವಾದರೆ ಚಿಂತೆ ಮಾಡಲೇಬೇಕು. ನಾನು ಕೆಳಗೆ ಬರೆದಿರುವುದೆಲ್ಲ ಈ ಒಂದು ವ್ಯತ್ಯಾಸವನ್ನು ಹಿಡಿಯಲಿಕ್ಕೇ.

ಇಷ್ಟು ದಿನ ಏಕೆ ಹಿಡಿಯುತ್ತದೆ ಎಂದರೆ, ನ್ಯುಮೋನಿಯಾದಲ್ಲಿ ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ನೀರು, ಕೀವು, ಸತ್ತ ಜೀವಕಣಗಳು ತುಂಬಿಕೊಳ್ಳುತ್ತವೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ, ಜ್ವರ ಇಳಿಯುವುದು ಅದಕ್ಕೇ. ಆದರೆ ತುಂಬಿಕೊಂಡ ಕಸವನ್ನು ಹೊರಹಾಕುವುದು ಔಷಧಿಯ ಕೆಲಸವಲ್ಲ. ಒಂದಿಷ್ಟನ್ನು ರಕ್ಷಣಾ ಕಣಗಳು ಕರಗಿಸುತ್ತವೆ, ಉಳಿದದ್ದು ಕಫವಾಗಿ ಕೆಮ್ಮಿನ ಮೂಲಕ ಬರಬೇಕು. ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ಜ್ವರ ಹೋಗಿರುತ್ತದೆ. 4 ವಾರಕ್ಕೆ ಎದೆನೋವು ಮತ್ತು ಕಫ ಬಹಳಷ್ಟು ಕಡಿಮೆಯಾಗುತ್ತವೆ, 6 ವಾರಕ್ಕೆ ಕೆಮ್ಮು ಮತ್ತು ಏದುಸಿರು. 3 ತಿಂಗಳ ಹೊತ್ತಿಗೆ ಸುಸ್ತು ಬಿಟ್ಟು ಬಾಕಿಯದ್ದೆಲ್ಲ ಹೆಚ್ಚುಕಡಿಮೆ ಹೋಗಿರುತ್ತದೆ, ಪೂರ್ತಿ ಮೊದಲಿನಂತಾಗಲು ಕೆಲವರಿಗೆ 6 ತಿಂಗಳು ಬೇಕು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಅಥವಾ ಹಳೆಯ ಶ್ವಾಸಕೋಶದ ತೊಂದರೆ ಇರುವವರಿಗೆ ಇನ್ನೂ ತಡವಾಗಬಹುದು. ಈ ಲೆಕ್ಕ ತಂದೆಗೂ ಗೊತ್ತಿರಲಿ. ಎರಡು ವಾರವಾದರೂ ಗುಣವಾಗಲಿಲ್ಲ ಎಂಬ ನಿರಾಶೆಯಲ್ಲೇ ಅನೇಕರು ಹಾಸಿಗೆ ಹಿಡಿದುಬಿಡುತ್ತಾರೆ.

ಮೊದಲ ಎರಡು ವಾರ ಒಂದು ಪುಸ್ತಕ ಇಟ್ಟು ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ಸಂಜೆ ಹೆಚ್ಚುಕಡಿಮೆ ಅದೇ ಹೊತ್ತಿಗೆ, ನಾಲ್ಕು ಅಂಕಿ ಬರೆಯಿರಿ: ಮೈ ಬಿಸಿ, ನಾಡಿ, ನಿಮಿಷಕ್ಕೆ ಉಸಿರಾಟ, ಆಕ್ಸಿಜನ್ ಮಟ್ಟ. ಇವುಗಳಲ್ಲಿ ಎಲ್ಲರೂ ಬಿಟ್ಟುಬಿಡುವುದು ಉಸಿರಾಟದ ಎಣಿಕೆ, ಮೊದಲು ಎಚ್ಚರಿಸುವುದೂ ಅನೇಕ ಸಲ ಅದೇ. ಅವರು ಕೂತು ವಿಶ್ರಾಂತಿಯಲ್ಲಿರುವಾಗ ಹೇಳದೆ ಎಣಿಸಿ, ಎಣಿಸುತ್ತಿದ್ದೀರಿ ಎಂದು ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ. ಎದೆ ಏರಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡ್ ಎಣಿಸಿ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪೂ ನಾಲ್ಕು ಪಟ್ಟಾಗುತ್ತದೆ. ದೊಡ್ಡವರಲ್ಲಿ 12ರಿಂದ 20 ಸಹಜ. ವಿಶ್ರಾಂತಿಯಲ್ಲೇ 25 ದಾಟುತ್ತಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ. 30 ಮುಟ್ಟಿದರೆ ಫೋನ್ ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಆಕ್ಸಿಜನ್ ಮಟ್ಟ ನೋಡಲು ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಬಳಸುವಾಗ ಆಗುವ ತಪ್ಪುಗಳೇ ಅರ್ಧ ಗಾಬರಿಗೆ ಕಾರಣ. ತೋರುಬೆರಳು ಅಥವಾ ನಡುಬೆರಳಿಗೆ ಹಾಕಿ. ಉಗುರಿನ ಬಣ್ಣ ತೆಗೆದಿರಬೇಕು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. 5 ನಿಮಿಷ ಸುಮ್ಮನೆ ಕೂತ ಮೇಲೆ ಹಾಕಿ, ಕೈ ಅಲುಗಿಸದೆ ಒಂದು ನಿಮಿಷ ಕಾದು ನಿಂತ ಅಂಕಿಯನ್ನು ಬರೆಯಿರಿ. ಹಾಕಿದ ತಕ್ಷಣ ಕಾಣುವ 88 ಅನ್ನೋ 91 ಅನ್ನೋ ನಂಬಬೇಡಿ. ಕಪ್ಪು ಚರ್ಮದವರಲ್ಲಿ ಈ ಯಂತ್ರ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸಬಹುದು, ಹಾಗಾಗಿ ಗಡಿಯಲ್ಲಿರುವ ಅಂಕಿಯನ್ನು ಚೆನ್ನಾಗಿದೆ ಎಂದು ಓದಿಕೊಳ್ಳಬೇಡಿ. 95 ಮತ್ತು ಮೇಲಿದ್ದರೆ ಸರಿ. 93, 94 ಇದ್ದರೆ ವೈದ್ಯರಿಗೆ ತಿಳಿಸಿ ಅವರು ಹೇಳಿದಂತೆ ಮಾಡಿ. 92 ಅಥವಾ ಅದಕ್ಕಿಂತ ಕೆಳಗೆ ನಿಂತರೆ ತುರ್ತಾಗಿ ಹೋಗಬೇಕು. ಮೊದಲಿಂದಲೇ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರ ಗುರಿ ಬೇರೆ, ಸಾಮಾನ್ಯವಾಗಿ 88ರಿಂದ 92. ಅವರದ್ದನ್ನು ಬಿಡುಗಡೆಯ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಕೂತಾಗ 95ರ ಮೇಲಿದ್ದರೆ ಕೋಣೆಯಲ್ಲೇ 40 ಹೆಜ್ಜೆ ನಡೆಸಿ ಮತ್ತೆ ನೋಡಿ. 3 ಅಂಕ ಅಥವಾ ಹೆಚ್ಚು ಇಳಿದರೆ ಶ್ವಾಸಕೋಶ ಇನ್ನೂ ದಣಿವನ್ನು ತಡೆಯುತ್ತಿಲ್ಲ ಎಂದರ್ಥ, ವೈದ್ಯರಿಗೆ ಹೇಳಿ. ಒಂದು ಮಾತು: ಅಂಕಿ ಚೆನ್ನಾಗಿದ್ದು ಮನುಷ್ಯ ಚೆನ್ನಾಗಿಲ್ಲ ಎನಿಸಿದರೆ ಮನುಷ್ಯನನ್ನೇ ನಂಬಿ.

ಉಳಿದ ಮಾತ್ರೆಗಳನ್ನು ವೈದ್ಯರು ಬರೆದಷ್ಟು ದಿನ ಪೂರ್ತಿ ಕೊಡಿ, ಜ್ವರ ಬಿಟ್ಟಿತೆಂದು ನಿಲ್ಲಿಸಬೇಡಿ, ಕೆಮ್ಮು ಉಳಿದಿದೆಯೆಂದು ನೀವೇ ಇನ್ನೊಂದು ಪಟ್ಟಿ ತಂದು ಮುಂದುವರಿಸಲೂ ಬೇಡಿ. ಕೆಮ್ಮು ಉಳಿಯುವುದು ಮಾತ್ರೆ ಸಾಲದ್ದರಿಂದಲ್ಲ. ಯಾವ ಮಾತ್ರೆ ಎಂದು ಪಟ್ಟಿಯ ಮೇಲೆ ಓದಿ. ಡಾಕ್ಸಿಸೈಕ್ಲಿನ್ ಆದರೆ ದೊಡ್ಡ ಲೋಟ ನೀರಿನೊಂದಿಗೆ ಕೂತೇ ನುಂಗಬೇಕು, ಅರ್ಧ ಗಂಟೆ ಮಲಗಬಾರದು, ಇಲ್ಲವಾದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣಾಗಬಹುದು. ಲಿವೊಫ್ಲಾಕ್ಸಸಿನ್ ಆದರೆ ಕಬ್ಬಿಣ, ಸತು, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್ ಇವುಗಳಿಂದ ಕನಿಷ್ಠ 2 ಗಂಟೆ ದೂರವಿಡಿ, ಜೊತೆಯಲ್ಲಿ ತೆಗೆದುಕೊಂಡರೆ ಔಷಧಿ ಮೈಗೆ ಸರಿಯಾಗಿ ಸೇರುವುದಿಲ್ಲ. ಅದನ್ನು ತೆಗೆದುಕೊಳ್ಳುವಾಗ ಹಿಮ್ಮಡಿಯ ಮೇಲಿನ ಹಗ್ಗದಂಥ ಗಟ್ಟಿ ಭಾಗ (ಸ್ನಾಯುರಜ್ಜು) ನೋಯತೊಡಗಿದರೆ ನಿಲ್ಲಿಸಿ ವೈದ್ಯರಿಗೆ ಹೇಳಬೇಕು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನು ಊಟದ ಆರಂಭದಲ್ಲಿ ಕೊಟ್ಟರೆ ಹೊಟ್ಟೆ ಕೆಡುವುದು ಕಡಿಮೆ. ಕ್ಲಾರಿತ್ರೊಮೈಸಿನ್ ಕೊಟ್ಟಿದ್ದು, ತಂದೆ ಕೊಲೆಸ್ಟ್ರಾಲ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಎರಡೂ ಒಟ್ಟಿಗೆ ನಡೆಯಬಹುದೇ ಎಂದು ಇವತ್ತೇ ಕೇಳಿ. ಯಾವುದೇ ಆಂಟಿಬಯೋಟಿಕ್ ನಡೆಯುವಾಗ ಅಥವಾ ಮುಗಿದ ಮೇಲಿನ ವಾರಗಳಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ನೀರಿನಂಥ ಭೇದಿ ಶುರುವಾದರೆ ಭೇದಿ ನಿಲ್ಲಿಸುವ ಮಾತ್ರೆ ಕೊಡದೆ ವೈದ್ಯರನ್ನು ಕಾಣಿ. ಕರುಳಿನಲ್ಲಿ ಬೇರೊಂದು ಬ್ಯಾಕ್ಟೀರಿಯಾ ಬೆಳೆದಿರಬಹುದು, ಅದರ ಚಿಕಿತ್ಸೆಯೇ ಬೇರೆ.

ಪಕ್ಕೆನೋವಿಗೆ ಪ್ಯಾರಸಿಟಮಾಲ್ ಕೊಡಲು ಹಿಂಜರಿಯಬೇಡಿ. ನೋವಿದ್ದರೆ ಮನುಷ್ಯ ಆಳವಾಗಿ ಉಸಿರೆಳೆಯುವುದಿಲ್ಲ, ಜೋರಾಗಿ ಕೆಮ್ಮುವುದಿಲ್ಲ, ಕಫ ಒಳಗೇ ಉಳಿಯುತ್ತದೆ. ಒಂದು ಸಲಕ್ಕೆ 500 ಮಿಲಿಗ್ರಾಂನಿಂದ 1 ಗ್ರಾಂ, ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ಗಂಟೆ, 24 ಗಂಟೆಗೆ 4 ಗ್ರಾಂ ಮೀರಬಾರದು. ತೂಕ 50 ಕೆಜಿಗಿಂತ ಕಡಿಮೆಯಿದ್ದರೆ, ಯಕೃತ್ತಿನ ತೊಂದರೆ ಅಥವಾ ಕುಡಿತ ಇದ್ದರೆ ಮಿತಿ ಇನ್ನೂ ಕಡಿಮೆ, ಕೇಳಿಯೇ ಕೊಡಿ. ನೆಗಡಿ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುವುದರಿಂದ ಗೊತ್ತಿಲ್ಲದೆ ಎರಡು ಪಾಲಾಗುತ್ತದೆ. ಇನ್ನೊಂದು, ಮೈ ಬಿಸಿಯನ್ನು ಮಾತ್ರೆಗೆ ಮೊದಲು ನೋಡಿ. ನಂತರ ನೋಡಿದರೆ ಮರಳಿ ಬಂದ ಜ್ವರ ಮುಚ್ಚಿಹೋಗುತ್ತದೆ.

ಕಫ ಬರುತ್ತಿರುವಾಗ ಕೆಮ್ಮನ್ನು ಅದುಮುವ ಸಿರಪ್ ಬೇಡ. ಒಣಕೆಮ್ಮಿನಿಂದ ರಾತ್ರಿಯಿಡೀ ನಿದ್ದೆಯೇ ಇಲ್ಲವಾದರೆ ವೈದ್ಯರನ್ನು ಕೇಳಿ ರಾತ್ರಿಗೆ ಮಾತ್ರ. ಕಫ ತೆಗೆಯಲು ಮಾಡಿಸಬೇಕಾದ ಅಭ್ಯಾಸ ಹೀಗಿದೆ. ಬೆನ್ನು ನೆಟ್ಟಗೆ, ಭುಜ ಸಡಿಲವಾಗಿ ಕುರ್ಚಿಯಲ್ಲಿ ಕೂರಿಸಿ. ಅರ್ಧ ನಿಮಿಷ ಮೆಲ್ಲಗೆ, ಹೊಟ್ಟೆ ಉಬ್ಬುವಂತೆ ಉಸಿರಾಡಲಿ. ಆಮೇಲೆ 3ರಿಂದ 4 ಸಲ ಮೂಗಿನಿಂದ ಆಳವಾಗಿ ಎಳೆದು, 3 ಸೆಕೆಂಡ್ ಹಿಡಿದು, ಬಾಯಿಂದ ಸದ್ದಿಲ್ಲದೆ ಬಿಡಲಿ. ಹಿಡಿಯುವ ಆ 3 ಸೆಕೆಂಡಿನಲ್ಲಿ ಗಾಳಿ ಪಕ್ಕದ ದಾರಿಗಳಿಂದ ಕಫದ ಹಿಂದಕ್ಕೆ ಸೇರುತ್ತದೆ. ಮತ್ತೆ ಮೆಲ್ಲನೆ ಉಸಿರಾಟ. ನಂತರ ಮಧ್ಯಮ ಉಸಿರೆಳೆದು, ಕನ್ನಡಿಯ ಮೇಲೆ ಹಬೆ ಮೂಡಿಸುವಂತೆ ಬಾಯಿ ತೆರೆದು "ಹಾ" ಎಂದು ಒಂದೆರಡು ಬಾರಿ ಜೋರಾಗಿ ಊದಲಿ. ಕಫ ಗಂಟಲಿಗೆ ಬಂತೆನಿಸಿದಾಗ ಒಮ್ಮೆ ಕೆಮ್ಮಿ ಉಗುಳಲಿ, ನುಂಗುವುದು ಬೇಡ. ಇದೇ ಸುತ್ತನ್ನು 10 ನಿಮಿಷದವರೆಗೆ, ದಿನಕ್ಕೆ 2ರಿಂದ 4 ಬಾರಿ, ಊಟಕ್ಕೆ ಮೊದಲು. ಕೆಮ್ಮುವಾಗ ನೋಯುವ ಪಕ್ಕೆಗೆ ದಿಂಬನ್ನು ಅವುಚಿ ಹಿಡಿದರೆ ನೋವು ಎಷ್ಟೋ ಕಡಿಮೆ. ತಲೆ ಸುತ್ತಿದರೆ ನಿಲ್ಲಿಸಿ, ಬೇಗ ಬೇಗ ಉಸಿರೆಳೆದಾಗ ಹಾಗಾಗುತ್ತದೆ.

ಆಸ್ಪತ್ರೆಯವರು ಮೂರು ಚೆಂಡಿನ ಸ್ಪೈರೊಮೀಟರ್ (ಆಳವಾಗಿ ಉಸಿರೆಳೆಯುವ ಅಭ್ಯಾಸದ ಸಾಧನ) ಕೊಟ್ಟಿದ್ದರೆ ಅದನ್ನು ಊದುವುದಲ್ಲ, ಎಳೆಯುವುದು. ಚೆಂಡು ಜಿಗಿಯುವಂತೆ ಎಳೆದರೆ ಪ್ರಯೋಜನ ಕಡಿಮೆ. ನಿಧಾನವಾಗಿ ಎಳೆದು ಚೆಂಡನ್ನು ಮೇಲೆ ಸಾಧ್ಯವಾದಷ್ಟು ಹೊತ್ತು ನಿಲ್ಲಿಸಬೇಕು.

ಹಬೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದು ಮೂಗು, ಗಂಟಲಿಗೆ ಹಿತ, ಗಾಳಿಚೀಲದವರೆಗೆ ಹೋಗಿ ನ್ಯುಮೋನಿಯಾ ವಾಸಿ ಮಾಡುವುದಿಲ್ಲ. ನಿಶ್ಶಕ್ತಿಯಿರುವವರ ಮುಂದೆ ಕುದಿನೀರಿನ ಪಾತ್ರೆ ಇಡುವುದು ಸುಟ್ಟಗಾಯಕ್ಕೆ ದಾರಿ. ನಾನಂತೂ ಶಿಫಾರಸು ಮಾಡುವುದಿಲ್ಲ.

ಈಗ ಮಲಗಿಯೇ ಇರುವ ವಿಷಯ. ಅಂಗಾತ ಮಲಗಿದರೆ ಶ್ವಾಸಕೋಶದ ಹಿಂಭಾಗ, ಕೆಳಭಾಗಗಳು ಕುಗ್ಗುತ್ತವೆ, ಕಫ ಅಲ್ಲೇ ಇಳಿಯುತ್ತದೆ, ಸ್ನಾಯು ಬಲ ದಿನದಿನಕ್ಕೆ ಕರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಏರುತ್ತದೆ. ಇವತ್ತೇ 20 ನಿಮಿಷ ಕುರ್ಚಿಯಲ್ಲಿ ಕೂರಿಸಿ. ಪ್ರತಿ ಊಟವೂ ಕುರ್ಚಿಯಲ್ಲೇ ಆಗಲಿ. ನಂತರ ಮನೆಯೊಳಗೆ 2ರಿಂದ 3 ನಿಮಿಷದ ನಡಿಗೆ, ದಿನಕ್ಕೆ ಮೂರು ನಾಲ್ಕು ಬಾರಿ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿದ್ದರೆ ವೇಗ ಸರಿ, ಎರಡು ಪದಕ್ಕೇ ಉಸಿರು ಕಟ್ಟಿದರೆ ಹೆಚ್ಚಾಯಿತು. ಎರಡು ಮೂರು ದಿನಕ್ಕೊಮ್ಮೆ ಒಂದೊಂದು ನಿಮಿಷ ಏರಿಸಿ. ಚೆನ್ನಾಗಿದ್ದ ದಿನ ಉತ್ಸಾಹದಿಂದ ಎಲ್ಲ ಮಾಡಿ ಮರುದಿನ ಏಳಲಾಗದೆ ಮಲಗುವುದು ತುಂಬ ಸಾಮಾನ್ಯ. ಮರುದಿನ ಸುಸ್ತು ಹೆಚ್ಚಾಗಿದ್ದರೆ ಹಿಂದಿನ ದಿನದ ಅಳತೆ ಮೀರಿದೆ, ಅದರ ಅರ್ಧಕ್ಕೆ ಇಳಿಸಿ ಮತ್ತೆ ಏರಿಸಿ. ಸ್ನಾನವನ್ನು ಕೂತು ಮಾಡಲಿ. ಬಚ್ಚಲಿಂದ ಬಂದು ಏದುಸಿರಾದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೂರಿ, ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿ. ಕೆಲವೇ ನಿಮಿಷದಲ್ಲಿ ತಹಬದಿಗೆ ಬರಬೇಕು.

ರಾತ್ರಿ ತಲೆ ಮತ್ತು ಬೆನ್ನಿಗೆ ಸೇರಿಸಿ ದಿಂಬು ಕೊಡಿ, ಬರೀ ತಲೆಗೆ ಕೊಟ್ಟರೆ ಕುತ್ತಿಗೆ ಮಡಚಿ ಉಸಿರು ಇನ್ನೂ ಕಷ್ಟ. ಒಂದೇ ಕಡೆಯ ಶ್ವಾಸಕೋಶಕ್ಕೆ ನ್ಯುಮೋನಿಯಾ ಆಗಿದ್ದರೆ, ಚೆನ್ನಾಗಿರುವ ಕಡೆ ಕೆಳಗಾಗುವಂತೆ ಮಗ್ಗುಲಾಗಿ ಮಲಗಿಸಿ. ರಕ್ತ ಕೆಳಗಿನ ಕಡೆಗೆ ಹೆಚ್ಚು ಹರಿಯುವುದರಿಂದ ಒಳ್ಳೆಯ ಭಾಗಕ್ಕೆ ರಕ್ತವೂ ಗಾಳಿಯೂ ಸಿಕ್ಕಿ ಆಕ್ಸಿಜನ್ ಸುಧಾರಿಸುತ್ತದೆ.

ನೀರು ದಿನಕ್ಕೆ ಒಂದೂವರೆಯಿಂದ 2 ಲೀಟರ್, ಗುಟುಕು ಗುಟುಕಾಗಿ. ಮೂತ್ರ ತಿಳಿ ಹಳದಿ ಇದ್ದರೆ ಸಾಕಾಗುತ್ತಿದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಆ ಮಿತಿಯೇ ನಡೆಯಲಿ. ಒಂದೇ ಸಲ ಹೊಟ್ಟೆ ತುಂಬಿದರೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೊತ್ತಿ ಏದುಸಿರು ಹೆಚ್ಚುವುದರಿಂದ ಊಟ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ, ಪ್ರತಿ ಸಲವೂ ಪ್ರೋಟೀನ್ ಇರಲಿ. ಉಣ್ಣುವಾಗ, ಕುಡಿಯುವಾಗ ಪದೇ ಪದೇ ಕೆಮ್ಮು ಬರುತ್ತಿದ್ದರೆ, ದನಿ ಒದ್ದೆಯಾದಂತೆ ಕೇಳಿದರೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿರಬಹುದು, ಮತ್ತೆ ನ್ಯುಮೋನಿಯಾ ಬರಲು ಅದೊಂದು ದೊಡ್ಡ ಕಾರಣ, ವೈದ್ಯರಿಗೆ ಹೇಳಲೇಬೇಕು. ಊಟದ ನಂತರ ಅರ್ಧ ಗಂಟೆ ಕೂತಿರಲಿ, ದಿನಕ್ಕೆ ಎರಡು ಬಾರಿ ಹಲ್ಲುಜ್ಜಲಿ. ಸಕ್ಕರೆ ಕಾಯಿಲೆ ಇದ್ದರೆ ಸೋಂಕಿನ ಸಮಯದಲ್ಲಿ ರಕ್ತದ ಸಕ್ಕರೆ ಏರುತ್ತದೆ, ಹೆಚ್ಚು ಸಲ ಪರೀಕ್ಷಿಸಿ. ಬೀಡಿ ಸಿಗರೇಟು ಮನೆಯಲ್ಲಿ ಯಾರೂ ಸೇದಬಾರದು. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನು ಹೊಗೆ ನಿಶ್ಚಲ ಮಾಡುತ್ತದೆ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳಿವು: ಕೂತಲ್ಲೇ ಏದುಸಿರು ಬಂದು ವಾಕ್ಯ ಮುಗಿಸಲು ಆಗದಿರುವುದು, ತುಟಿ ನೀಲಿಯಾಗುವುದು, ರಕ್ತ ಕೆಮ್ಮುವುದು, ಮೂತ್ರ ತೀರಾ ಕಡಿಮೆಯಾಗುವುದು, ಬಿ.ಪಿ.ಯ ಮೇಲಿನ ಅಂಕಿ 90ಕ್ಕಿಂತ ಕೆಳಗಿಳಿಯುವುದು, ಮಾತು ಗೊಂದಲವಾಗುವುದು. ಈ ಕೊನೆಯದು ವಯಸ್ಸಾದವರಲ್ಲಿ ಬಹಳ ಮುಖ್ಯ, ಜ್ವರವೇ ಇಲ್ಲದೆ ಮಂಕು ಅಥವಾ ಬೀಳುವುದಷ್ಟೇ ಸೋಂಕು ಮರುಕಳಿಸಿದ ಗುರುತಾಗಿರಬಹುದು. ಒಂದೇ ಕಾಲು ಊದಿ ನೋಯುವುದು, ಅದರ ಜೊತೆ ಹಠಾತ್ತನೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ್ದರ ಸೂಚನೆ. ನ್ಯುಮೋನಿಯಾದ ನಂತರದ ವಾರಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವೂ ಹೆಚ್ಚಿರುತ್ತದೆ. ಎದೆಯ ಮೇಲೆ ಭಾರ ಇಟ್ಟಂಥ ನೋವನ್ನು ಕೆಮ್ಮಿನ ನೋವೆಂದು ತಳ್ಳಿಹಾಕಬೇಡಿ. ಜ್ವರ ಒಂದೆರಡು ದಿನ ಬಿಟ್ಟು ಮತ್ತೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದರೆ, ಅಥವಾ ಕಫಕ್ಕೆ ಕೊಳೆತ ವಾಸನೆ ಬಂದರೆ, ಅದೇ ದಿನ ತೋರಿಸಿ. ಶ್ವಾಸಕೋಶದ ಸುತ್ತ ಕೀವು ನಿಂತಿರಬಹುದು, ಒಳಗೇ ಬಾವು ಆಗಿರಬಹುದು. ಬರೀ ಕಫದ ಬಣ್ಣ ಹಸಿರಿದೆ ಎಂಬುದೊಂದೇ ಗಾಬರಿಗೆ ಕಾರಣವಲ್ಲ.

6 ವಾರಕ್ಕೆ ವೈದ್ಯರನ್ನು ಕಂಡು ಎಕ್ಸ್-ರೇ ಬೇಕೇ ಕೇಳಿ. 50 ದಾಟಿದವರಿಗೆ, ಧೂಮಪಾನಿಗಳಿಗೆ, ಲಕ್ಷಣ ಉಳಿದವರಿಗೆ ಅದು ಮುಖ್ಯ, ಏಕೆಂದರೆ ನ್ಯುಮೋನಿಯಾದ ಮಬ್ಬಿನ ಹಿಂದೆ ಗಡ್ಡೆ ಅಡಗಿರುವ ಸಾಧ್ಯತೆಯನ್ನು ಆಗ ತಳ್ಳಿಹಾಕಬಹುದು. ಎರಡನೇ ವಾರಕ್ಕೇ ತೆಗೆಸಿ ಇನ್ನೂ ಬಿಳಿ ಇದೆ ಎಂದು ಹೆದರಬೇಡಿ, ಚಿತ್ರ ಯಾವಾಗಲೂ ಮನುಷ್ಯನಿಗಿಂತ ಹಿಂದೆ ಇರುತ್ತದೆ. ತೂಕ ಇಳಿಯುವುದು, ರಾತ್ರಿ ಬೆವರುವುದು ಕೆಮ್ಮಿನ ಜೊತೆ ಸೇರಿದರೆ ಮಾತ್ರ 6 ವಾರ ಕಾಯದೆ ಕ್ಷಯಕ್ಕೆ ಕಫ ಪರೀಕ್ಷೆ ಮಾಡಿಸಿ. ನ್ಯುಮೊಕಾಕಸ್ (ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ) ಮತ್ತು ಫ್ಲೂ ಲಸಿಕೆಗಳನ್ನು ಯಾವಾಗ ಹಾಕಿಸಬಹುದು ಎಂದು ಅದೇ ಭೇಟಿಯಲ್ಲಿ ಕೇಳಿ, ನಿಮ್ಮ ನಾಲ್ಕು ಅಂಕಿಯ ಪುಸ್ತಕವನ್ನೂ ಜೊತೆಗೆ ತೆಗೆದುಕೊಂಡು ಹೋಗಿ.